ಲೇತ್ ಇಲ್ಲದೆ ಸ್ನೂಕರ್ ಕ್ಯೂ: ನನ್ನ ಅನುಭವ

ಹೋದ ದೀಪಾವಳಿ ಮುಗಿದ ಮೇಲೆ ನಾನೇ ಮಾಡಿದ ಒಂಬತ್ತನೇ ಕ್ಯೂ, ಅಂದರೆ ಸ್ನೂಕರ್ ಆಡುವ ಕೋಲು, ತೆಗೆದು, ಒಂದು ಕಣ್ಣು ಮುಚ್ಚಿ, ಹಿಂದಿನ ದಪ್ಪ ಭಾಗವಾದ ಬಟ್ ಕಡೆಯಿಂದ ತುದಿಯವರೆಗೆ ನೋಡಿದೆ. ನೆಟ್ಟಗಿತ್ತು. ಸಂಕ್ರಾಂತಿಗೆ ನೋಡಿದೆ, ನೆಟ್ಟಗಿತ್ತು. ಯುಗಾದಿ ಹೊತ್ತಿಗೆ ಹುಬ್ಬಳ್ಳಿ ಬಿಸಿಲು ಕಟ್ಟಿಗೆಯ ಜೀವ ಹಿಂಡುತ್ತಿರುವಾಗ ಮತ್ತೆ ನೋಡಿದೆ, ಕೂದಲೆಳೆಯಷ್ಟೂ ಬಾಗಿರಲಿಲ್ಲ. ಇನ್ನು ಬರೆಯಬಹುದು ಅನ್ನಿಸಿತು. ಯಾಕಂದ್ರೆ ನಾಲ್ಕು ವರ್ಷ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು, ಕಟ್ಟಿಗೆ ತಿರುಗಿಸಿ ದುಂಡ ಮಾಡುವ ಲೇತ್ ಯಂತ್ರ ಇಲ್ಲದೆ ಕ್ಯೂ ಆಗಲ್ಲ ಅಂತ.

ನಮ್ಮ ಓಣಿಯ ಬಡಿಗೇರ ಕಾಕಾ ಮೊದಲ ದಿನವೇ ಹೇಳಿದ್ದರು. "ತಮ್ಮಾ, ಐದು ಫೂಟಿನ ಕೋಲು, ತುದಿ ಕಿರುಬೆರಳಷ್ಟು ಸಣ್ಣ. ಬರೇ ರಂದಾ ಹಿಡದು ಇದನ್ನ ದುಂಡ ಮಾಡೂದು ಆಗೂದಲ್ಲ ಬಿಡು." ನಾನು ಆಡುವ ಸ್ನೂಕರ್ ಪಾರ್ಲರಿನ ಮಾಲೀಕರೂ ತಲೆ ಅಲ್ಲಾಡಿಸಿದ್ದರು. ಈಗ ಅದೇ ಪಾರ್ಲರಿನಲ್ಲಿ ನನ್ನ ಮೂರು ಕ್ಯೂ ಆಡುತ್ತಿವೆ.

ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಹಳೇ ಹುಬ್ಬಳ್ಳಿಯ ಮನೆ ಹಿತ್ತಲಲ್ಲಿ ಹತ್ತು ಫೂಟ್ ಉದ್ದ, ಆರು ಫೂಟ್ ಅಗಲದ ತಗಡಿನ ಶೆಡ್ ಇದೆ. ರಾತ್ರಿ ಒಂಬತ್ತರಿಂದ ಹನ್ನೊಂದು ನನ್ನ ಹೊತ್ತು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್‌ಪುರದ ಸೈನ್ಯದ ಮೆಸ್ಸಿನಲ್ಲಿ. ನಿಯಮ ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಬೆಂಗಳೂರಿನ ಪಂಕಜ್ ಅಡ್ವಾಣಿ ಹಲವು ಸಲ ವಿಶ್ವ ಚಾಂಪಿಯನ್ ಆದವರು. ಆದರೂ ಕೈಯಲ್ಲಿ ಮಾಡಿದ ಒಳ್ಳೆ ಕ್ಯೂ ಬೇಕಂದ್ರೆ ನಾವು ಇಂಗ್ಲೆಂಡ್, ಥಾಯ್ಲೆಂಡ್ ಕಡೆ ನೋಡಬೇಕು. ಅದು ನನಗೆ ಬಹಳ ದಿನದಿಂದ ಚುಚ್ಚುತ್ತಿತ್ತು.

ಮೊದಲ ಮೂರು ಕ್ಯೂ ಜೂನ್‌ನಿಂದ ಆಗಸ್ಟ್ ಒಳಗೆ ಮಾಡಿದೆ. ಕಲ್ಲಿನ ಮೇಲೆ ಉರುಳಿಸಿದರೆ ಒಂದಿಷ್ಟೂ ಕುಣಿಯುತ್ತಿರಲಿಲ್ಲ. ಮನೆಮಂದಿಗೆಲ್ಲ ತೋರಿಸಿದೆ. ನವೆಂಬರ್‌ನಲ್ಲಿ ಮೂರೂ ಬಿಲ್ಲು. ಒಂದಂತೂ ನಡುವೆ 4 ಮಿಲಿಮೀಟರ್ ಎದ್ದಿತ್ತು. ಮಳೆಗಾಲದಲ್ಲಿ ತೇವ ಕುಡಿದ ಕಟ್ಟಿಗೆಯನ್ನು ಹಾಗೇ ದುಂಡ ಮಾಡಿದ್ದೆ. ಚಳಿಗಾಲದ ಒಣ ಗಾಳಿ ಬಿದ್ದದ್ದೇ ತಡ, ಅದು ತನ್ನ ದಾರಿ ಹಿಡಿದಿತ್ತು. ಆ ಮೂರರಲ್ಲಿ ಹೋದದ್ದು ಸುಮಾರು 11 ಸಾವಿರ ರೂಪಾಯಿ.

ನಾಲ್ಕನೆಯದು ನೆಟ್ಟಗೇ ಇತ್ತು, ಆದರೆ ಬ್ರೇಕ್, ಅಂದರೆ ಆಟದ ಮೊದಲ ಹೊಡೆತ, ಹೊಡೆಯುವಾಗ ತುದಿಯಿಂದ ಒಂದು ಗೇಣು ಕೆಳಗೆ ಲಟಕ್ಕನೆ ಮುರಿಯಿತು. ಮುರಿದ ಜಾಗ ನೋಡಿದರೆ ಎಳೆ ಓರೆಯಾಗಿ ಹೊರಗೆ ಓಡಿತ್ತು. ಗರಗಸದವನು ಹಲಗೆಯ ಅಂಚು ನೋಡಿ ಕೊಯ್ದಿದ್ದ, ಎಳೆ ನೋಡಿರಲಿಲ್ಲ. ಅವತ್ತಿನಿಂದ ನಾನು ಶಾಫ್ಟಿನ, ಅಂದರೆ ಕ್ಯೂನ ಉದ್ದ ಮುಖ್ಯ ಕೋಲಿನ, ಕಟ್ಟಿಗೆ ಕೊಯ್ಯಿಸುವುದನ್ನೇ ಬಿಟ್ಟೆ. ಹಲಗೆಯ ತಲೆಗೆ ಅಗಲ ಉಳಿ ಇಟ್ಟು ಕೊಡತಿಯಿಂದ ಹೊಡೆದು ಸೀಳುತ್ತೇನೆ. ಎಳೆ ಎಲ್ಲಿ ಹೋಗುತ್ತದೋ ಸೀಳು ಅಲ್ಲೇ ಹೋಗುತ್ತದೆ. ಡೊಂಕು ಸೀಳಿದರೆ ಅದು ಕ್ಯೂ ಆಗುವ ಕಟ್ಟಿಗೆ ಅಲ್ಲ ಅಂತ ಆಗಲೇ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಕಟ್ಟಿಗೆ ಜಾಸ್ತಿ ಹಾಳು, ಒಪ್ಪುತ್ತೇನೆ. ಬೆಂಗಳೂರಿನಿಂದ ಪಾರ್ಸೆಲ್ ಲಾರಿಯಲ್ಲಿ ತರಿಸಿದ ಅಮೆರಿಕದ ಆ್ಯಶ್ ಮರದ ಹಲಗೆ, ಘನ ಅಡಿಗೆ ಮೂರು ಸಾವಿರದ ಆಸುಪಾಸು ಬಿತ್ತು. ಎಂಟು ಕೋಲು ಬರುವ ಹಲಗೆಯಲ್ಲಿ ನನಗೆ ಸಿಕ್ಕಿದ್ದು ಮೂರು. ಆದರೆ ಆ ಮೂರರಲ್ಲಿ ಎಳೆಯಿಂದಲೇ ಮೂಡುವ ಬಾಣದ ಗುರುತು ಬಟ್ಟಿನಿಂದ ತುದಿಯವರೆಗೆ ನಟ್ಟನಡುವೆ ಸಾಲಾಗಿ ಬಂದವು. ಆ್ಯಶ್ ಕ್ಯೂ ಹಿಡಿದವರಿಗೆ ಆ ಬಾಣಗಳ ಬೆಲೆ ಗೊತ್ತು.

ಈ ನಡುವೆ ನಮ್ಮ ಕಡೆಯ ಕಟ್ಟಿಗೆಯನ್ನೂ ಹಿಡಿದು ನೋಡಿದೆ. ತೇಗ ಮೆತ್ತಗಾಯಿತು, ಹೊಡೆತದಲ್ಲಿ ಸತ್ತ ಸದ್ದು. ಮತ್ತಿ ಭಾರ, ಮೇಲಾಗಿ ಬಹಳ ತಿರುಚುತ್ತದೆ. ದಿಂಡಲದ ಮೇಲೆ ಮಾತ್ರ ನನಗೆ ಆಸೆ ಇತ್ತು. ಚಕ್ಕಡಿ ಅಚ್ಚಿಗೆ, ಕೊಡಲಿ ಕಾವಿಗೆ ಹಾಕುವ ಮರ, ಬಗ್ಗಿಸಿದರೆ ಬಗ್ಗಿ ವಾಪಸ್ ಬರುತ್ತದೆ. ಒಂದು ಪೂರ್ತಿ ಕ್ಯೂ ಮಾಡಿದೆ. ಹೊಡೆತ ಬಹಳ ಚೆನ್ನಾಗಿತ್ತು. ಆದರೆ ಆ್ಯಶ್‌ಗಿಂತ ಮೂರರಲ್ಲೊಂದು ಪಾಲು ಭಾರ ಜಾಸ್ತಿ, ಎಲ್ಲ ಭಾರ ಮುಂದಕ್ಕೆ ಬಂದು, ಮೇಜಿನ ಮೇಲೆ ಊರಿ ಕ್ಯೂಗೆ ಆಸರೆ ಕೊಡುವ ಕೈ ಸೋಲುತ್ತಿತ್ತು. 9 ಮಿಲಿಮೀಟರ್ ತುದಿಯ ಇಂಗ್ಲಿಷ್ ಪೂಲ್ ಕ್ಯೂಗೆ ಅದು ಆಗಬಹುದು ಅಂತ ಈಗಲೂ ಅನ್ನಿಸುತ್ತದೆ. ಒಂದು ತುಂಡು ಎತ್ತಿಟ್ಟಿದ್ದೇನೆ.

ಬಟ್ಟಿಗೆ ಎಬೊನಿ ಅನ್ನುವ ಕಪ್ಪು ಕಟ್ಟಿಗೆ ಕೊಳ್ಳುವ ಶಕ್ತಿ ನನಗಿರಲಿಲ್ಲ. ಹಳೆ ವಾಡೆಗಳನ್ನು ಕೆಡವಿದಾಗ ಬರುವ ಸಾಮಾನು ಮಾರುವವರ ಹತ್ತಿರ ಬೀಟೆಯ ಮಂಚದ ಕಾಲು ಸಿಕ್ಕವು. ನಾಲ್ಕು ಕಾಲಿಗೆ 2,600 ಕೊಟ್ಟ ನೆನಪು. ಎಷ್ಟೋ ವರ್ಷ ಮನೆಯೊಳಗೆ ಒಣಗಿದ ಬೀಟೆ, ರಂದಾ ಹಾಕಿದಾಗ ಒಳಗಿನ ನೇರಳೆ ಬಣ್ಣ, ಆ ವಾಸನೆ. ಇಂಥ ಕಟ್ಟಿಗೆ ಹೊಸದಾಗಿ ಕೊಂಡರೂ ಸಿಗಲ್ಲ.

ಈಗ ಸ್ಪ್ಲೈಸ್, ಅಂದರೆ ಬಟ್ಟಿನಲ್ಲಿ ಶಾಫ್ಟಿಗೆ ಬೀಟೆ ಜೋಡಿಸುವ ವಿಷಯ. ಶಾಫ್ಟಿನ ಎದುರುಬದುರು ಎರಡು ಮುಖ ಇಳಿಜಾರು ಮಾಡಿ ಎರಡು ಬೀಟೆ ಪಟ್ಟಿ ಅಂಟಿಸುವುದು, ಅದು ಒಣಗಿದ ಮೇಲೆ ಉಳಿದ ಎರಡು ಮುಖ, ಕೆಲಸ ಇಷ್ಟೇ. ನನಗೆ ಪೆಟ್ಟು ಬಿದ್ದದ್ದು ಆ ಪಟ್ಟಿಗಳ ನಾಲ್ಕು ಮೊನೆ ಸಮ ಬರುವುದರಲ್ಲಿ. ಐದನೇ ಕ್ಯೂನಲ್ಲಿ ಒಂದು ಮೊನೆ ಉಳಿದ ಮೂರಕ್ಕಿಂತ ಒಂದು ಇಂಚು ಕೆಳಗೆ ನಿಂತಿತು. ಇಳಿಜಾರು ಅಷ್ಟು ಉದ್ದ ಇರುವುದರಿಂದ ಮುಖದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಮೊನೆ ಅಷ್ಟು ಜಾರುತ್ತದೆ. ಈಗ ಮುಖ ಮಾಡುವಾಗ ಹಳೆ ಬಾಗಿಲ ಚೌಕಟ್ಟಿನ ತೇಗದಲ್ಲಿ ಕೊರೆದ ತೊಟ್ಟಿಯೊಳಗೆ ಕೋಲು ಮಲಗಿಸುತ್ತೇನೆ. ರಂದಾ ತೊಟ್ಟಿಯ ಅಂಚಿನ ಮೇಲೆ ಓಡುತ್ತದೆ, ಕೋಲು ತಾನೇ ಇಳಿಜಾರಾಗುತ್ತದೆ. ತೊಟ್ಟಿಯ ಆಳ ಎಲ್ಲೆಲ್ಲಿ ಎಷ್ಟು ಅನ್ನುವುದನ್ನು ಮಾತ್ರ ನಾನು ಬರೆಯುವುದಿಲ್ಲ. ಎರಡು ವರ್ಷ ಅದಕ್ಕೇ ಹೋಗಿದೆ.

ಅಂಟಿಸಲು ಕ್ಲಾಂಪ್ ಮೇಲೆ ದುಡ್ಡು ಹಾಕಬೇಡಿ. ನಾನು ಎಂಟು ತಂದು ಸುಮ್ನೆ ಇಟ್ಟಿದ್ದೇನೆ. ಸೈಕಲ್ ಟ್ಯೂಬನ್ನು ಒಂದು ಇಂಚು ಅಗಲದ ಪಟ್ಟಿ ಮಾಡಿ ಕತ್ತರಿಸಿ, ಬಟ್ ತುದಿಯಿಂದ ಎಳೆದೆಳೆದು ಸುತ್ತಬೇಕು. ಪ್ರತಿ ಸುತ್ತಿಗೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಮೊನೆಯ ಹತ್ತಿರ ಬಂದಾಗ ಅಂಟು ಎಳೆಎಳೆಯಾಗಿ ಹೊರಗೆ ಬರುವುದು ಕಾಣುತ್ತದೆ. ನಾಲ್ಕೂ ಕಡೆ ಸಮ ಬಂದರೆ ಒತ್ತಡ ಸಮ ಇದೆ ಅಂತ ಅರ್ಥ. ಬೀಟೆಯಲ್ಲಿ ಎಣ್ಣೆ ಇರುತ್ತದೆ, ಅಂಟಿಸುವ ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಲೇಬೇಕು. ಆರನೆಯದರಲ್ಲಿ ಒರೆಸಿರಲಿಲ್ಲ. ಮೂರು ತಿಂಗಳಿಗೆ ಒಂದು ಪಟ್ಟಿ ಎದ್ದು ಬಂತು.

ಬಾಗುವ ಕಾಟವನ್ನು ಕೊನೆಗೆ ಗೆದ್ದದ್ದು ಕಾಯುವುದರಿಂದ. ಮೊದಲು 32 ಮಿಲಿಮೀಟರ್ ಚೌಕ ಮಾಡಿ ಅಟ್ಟದ ಜಂತಿಗೆ ನೇತುಹಾಕುತ್ತೇನೆ. ಎರಡು ತಿಂಗಳ ಮೇಲೆ ಇಳಿಸಿದರೆ ಕೋಲು ಎಲ್ಲೋ ಒಂದು ಕಡೆ ಬಾಗಿರುತ್ತದೆ. ಉಬ್ಬಿದ ಕಡೆಯನ್ನೇ ರಂದಾ ಹಾಕಿ ನೆಟ್ಟಗೆ ಮಾಡಿ ಎಂಟು ಮುಖ ಮಾಡುತ್ತೇನೆ, ಮತ್ತೆ ನೇತುಹಾಕುತ್ತೇನೆ. ಆಮೇಲೆ ಹದಿನಾರು ಮುಖ, ಮತ್ತೆ ಜಂತಿ. ಪ್ರತಿ ಸಲ ಬಾಗುವುದು ಕಡಿಮೆಯಾಗುತ್ತ ಬರುತ್ತದೆ. ಕೊನೆಯ ಅಳತೆಗಿಂತ 1 ಮಿಲಿಮೀಟರ್ ದಪ್ಪ ಇರುವಾಗ ನಿಲ್ಲಿಸಿಬಿಡುತ್ತೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ದಾಟದ ಕೋಲಿಗೆ ಕೊನೆಯ ರಂದಾ ಇಲ್ಲ. ಹತ್ತು ಕೋಲು ಏರಿಸಿದರೆ ನಾಲ್ಕು ಉಳಿಯುತ್ತವೆ. ಬಿದ್ದ ಆರನ್ನು ಕಾಯಿಸಿ ಬಗ್ಗಿಸಿ ಸರಿಮಾಡಲು ಹೋಗಬೇಡಿ, ನಾನು ಮಾಡಿ ನೋಡಿದ್ದೇನೆ, ವಾಪಸ್ ಬಾಗುತ್ತವೆ.

ಕೊನೆಯ ಅಳತೆ ನೆನಪಿನ ಮೇಲೆ ಹೇಳುವುದಾದರೆ, ಉದ್ದ 58 ಇಂಚು, ತುದಿ 9.6 ಮಿಲಿಮೀಟರ್, ಒಂದು ಅಡಿ ಕೆಳಗೆ 13, ನಡುವೆ 19ರ ಮೇಲೆ, ಬಟ್ಟಿನಲ್ಲಿ 29. ದುಂಡಾಗಿದೆಯೋ ಇಲ್ಲವೋ ಅಂತ ದಪ್ಪ ಅಳೆಯುವ ಕ್ಯಾಲಿಪರ್‌ಗಿಂತ ಮೊದಲು ಬೆರಳು ಹೇಳುತ್ತದೆ. ಕಣ್ಣು ಮುಚ್ಚಿ ಕೋಲನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿರುಗಿಸಿದರೆ ಉಳಿದ ಮೂಲೆ ಸಣ್ಣಗೆ ತಟ್ಟುತ್ತದೆ. ಅಲ್ಲಿ ಸ್ಕ್ರೇಪರ್ ಎರಡು ಎಳೆತ ಸಾಕು.

ಭಾರಕ್ಕೆ ಸೀಸ. ಅದನ್ನು ತುಂಬಲು ಬಟ್ಟಿನಲ್ಲಿ 12 ಮಿಲಿಮೀಟರ್ ತೂತು ಕೊರೆಯುವಾಗ ಏಳನೇ ಕ್ಯೂನಲ್ಲಿ ಡ್ರಿಲ್ ಸರಿದು ಪಕ್ಕದಿಂದ ಹೊರಗೆ ಬಂತು. ಎಲ್ಲ ಮುಗಿದ ಕ್ಯೂ! ಆ ರಾತ್ರಿ ಊಟ ಸೇರಲಿಲ್ಲ. ಈಗ ಕೋಲು ಇನ್ನೂ ಚೌಕವಿರುವಾಗಲೇ, ಬೇರೆ ಕೆಲಸ ಏನೂ ಆಗದಿರುವಾಗಲೇ ತೂತು ಕೊರೆಯುತ್ತೇನೆ. ತಪ್ಪಿದರೆ ಹೋಗುವುದು ಕಟ್ಟಿಗೆ ಮಾತ್ರ. ಆಮೇಲೆ ಆ ತೂತನ್ನೇ ನಡು ಅಂತ ಹಿಡಿದು ಬಟ್ಟಿನ ಸುತ್ತ ಅಳೆಯುತ್ತೇನೆ. ನನ್ನ ಕ್ಯೂ ಸುಮಾರು 510 ಗ್ರಾಂ, ಹಿಂದಿನಿಂದ 17 ಇಂಚಿಗೆ ತಕ್ಕಡಿಯ ಹಾಗೆ ನಿಲ್ಲುತ್ತವೆ. ತುದಿಗೆ ಹಾಕುವ ಹಿತ್ತಾಳೆ ಬಳೆ, ಫೆರೂಲ್, ಮಾತ್ರ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಟರ್ನರ್ ಒಬ್ಬರ ಹತ್ತಿರ ಮಾಡಿಸಿದ್ದು, ಇಪ್ಪತ್ತಕ್ಕೆ 1,800.

ಮೆರುಗಿಗೆ ಸುಮಾರು ಅಲೆದೆ. ನನ್ನ ಅಂಗಡಿಯ ಇನ್ಸುಲೇಟಿಂಗ್ ವಾರ್ನಿಶ್ ಹಚ್ಚಿದೆ, ಬೆವರು ಕೈಗೆ ಜಿಗುಟು. ಕಲಘಟಗಿ ತೊಟ್ಟಿಲಿನ ಅರಗಿನ ಬಣ್ಣ ನೋಡಿ ಮನಸೋತು ಬಟ್ಟಿಗೆ ಅರಗು ಉಜ್ಜಿದೆ. ಲೇತಿನ ತಿರುಗಾಟದ ಬಿಸಿ ಇಲ್ಲದೆ ಅರಗು ಕರಗಿ ಹರಡಲ್ಲ, ಗಂಟುಗಂಟಾಗಿ ಕೂತಿತು. ಕೊನೆಗೆ ಮನೆಯಲ್ಲೇ ಉತ್ತರ ಇತ್ತು. ನಾವು ಹಿಂಡಿ ಕುಟ್ಟಿ ರೊಟ್ಟಿ ಜೊತೆ ತಿನ್ನುವ ಅಗಸಿ, ಅದರದೇ ಎಣ್ಣೆ. ಗಾಣದಿಂದ ತಂದ ಹಸಿ ಎಣ್ಣೆ ನಾಲ್ಕೇ ಹನಿ ಬಟ್ಟೆಗೆ ಹಾಕಿ, ಅಂಗೈ ಬಿಸಿಯಾಗುವಷ್ಟು ಉಜ್ಜಬೇಕು. ಎಂಟು ಹತ್ತು ಸಲ, ಒಂದೊಂದರ ನಡುವೆ ವಾರ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತಂತಿ ಮೇಲೆ ಹರವಿ ಒಣಗಿಸಿ. ಎಣ್ಣೆಗೂ ಮೊದಲು ಆ್ಯಶ್ ಎಳೆಗೆ ಕಪ್ಪು ತುಂಬುವುದಕ್ಕೆ ದೀಪದ ಕಾಡಿಗೆ ಬಳಸುತ್ತೇನೆ. ಬರೇ ಕಾಡಿಗೆ ಹಾಕಿದರೆ ಕೈಗೆಲ್ಲ ಹತ್ತುತ್ತದೆ, ಜೊತೆಗೆ ಇನ್ನೊಂದು ಸೇರಿಸಬೇಕು. ಅದು ನನ್ನ ಹತ್ತಿರವೇ ಇರಲಿ.

ನಾಲ್ಕು ವರ್ಷದಲ್ಲಿ ಕೈಯಿಂದ ಹೋದದ್ದು 75 ಸಾವಿರದ ಮೇಲೆ, ಒಂದೂವರೆ ಸಾವಿರದ ಒಂದು ಒಳ್ಳೆ ರಂದಾ ಅಲಗನ್ನು ಬಿಟ್ಟರೆ ಹೆಚ್ಚಿನದು ಕಟ್ಟಿಗೆಗೆ. ಎಂಟನೇ ಕ್ಯೂ 9 ಸಾವಿರಕ್ಕೆ ಕೊಟ್ಟೆ. ಒಂಬತ್ತನೆಯದಕ್ಕೆ ಧಾರವಾಡದ ಹುಡುಗ ಒಬ್ಬ 14 ಸಾವಿರ ಕೊಟ್ಟ. ಹೋದ ತಿಂಗಳು ಬಡಿಗೇರ ಕಾಕಾ ಬಂದು ಹತ್ತನೆಯದನ್ನು ಕಿಟಕಿ ಬೆಳಕಿಗೆ ಹಿಡಿದು, ಮೊನೆಗಳ ಮೇಲೆ ಉಗುರು ಆಡಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ, "ತಮ್ಮಾ, ಆ ತೊಟ್ಟಿ ಒಂದ್ಸಲ ತೋರ್ಸು." ಕಾಕಾಗೆ ತೋರಿಸಿದೆ. ಜಂತಿಯಲ್ಲಿ ಈಗ ಹನ್ನೊಂದು ಕೋಲು ತೂಗುತ್ತಿವೆ, ಮುಂದಿನ ದೀಪಾವಳಿಗೆ ಇಳಿಸುತ್ತೇನೆ.