ನಮ್ಮ ಪಕ್ಷಕ್ಕೂ ಅದೇ ಲೆಕ್ಕ: ಬೂತ್ ಏಜೆಂಟ್ ಆಗಿ ನನ್ನ ಅನುಭವ

ನಾನು ಹಳೇ ಕಾಲದ ಮನುಷ್ಯ ಅಂತ ಮನೆಯವರೇ ಹೇಳುತ್ತಾರೆ. ದೇವಸ್ಥಾನ, ಕುಟುಂಬ, ಹಾಸಿಗೆ ಇದ್ದಷ್ಟು ಕಾಲು ಚಾಚುವುದು, ಕಾನೂನು ಅಂದ್ರೆ ಕಾನೂನು. ನನ್ನ ವೋಟೂ ಅದೇ ದಾರಿಯಲ್ಲಿ ಹೋಗುತ್ತದೆ. ಪಕ್ಷದ ಹೆಸರು ಇಲ್ಲಿ ಬರೆಯುವುದಿಲ್ಲ. ಓದುವವರು ಊಹಿಸಿಕೊಂಡರೆ ತಪ್ಪಾಗಲಿಕ್ಕಿಲ್ಲ. ಆ ಪಕ್ಷದ ಪರವಾಗಿ ನಮ್ಮೂರ ಶಾಲೆಯ ಮತಗಟ್ಟೆಯಲ್ಲಿ ಪೋಲಿಂಗ್ ಏಜೆಂಟ್ ಆಗಿ ಕೂರುತ್ತಾ ಬಂದಿದ್ದೇನೆ. ಚುನಾವಣೆಯಲ್ಲಿ ಮೋಸ ಆಗುತ್ತಾ, ಆಗಲ್ವಾ ಅಂತ ಟೀವಿ ಮುಂದೆ ಕೂತು ಜಗಳ ಆಡುವವರು ಬಹಳ ಜನ. ಬೆಳಿಗ್ಗೆ ಐದೂವರೆಗೆ ಮತಗಟ್ಟೆಗೆ ಬಾರಪ್ಪ ಅಂದರೆ ಅವರಲ್ಲಿ ಒಬ್ಬರೂ ಸಿಗುವುದಿಲ್ಲ.

ಐದೂವರೆ ಯಾಕೆ ಅಂದರೆ, ಮತದಾನ ಏಳಕ್ಕೆ ಶುರುವಾಗುವುದಾದರೆ ಒಂದೂವರೆ ಗಂಟೆ ಮೊದಲೇ ಅಣಕು ಮತದಾನ ನಡೆಯುತ್ತದೆ. ನನ್ನ ಪ್ರಕಾರ ಇಡೀ ದಿನದಲ್ಲಿ ಅತಿ ಮುಖ್ಯವಾದ ಹೊತ್ತು ಅದೇ. ಕನಿಷ್ಠ 50 ವೋಟು ಹಾಕಬೇಕು, ನೋಟಾ ಸೇರಿ ಎಲ್ಲ ಗುಂಡಿಗೂ ಬೀಳಬೇಕು. ಯಾವ ಗುಂಡಿ ಎಷ್ಟು ಸಲ ಒತ್ತಿದೆವು ಅಂತ ನಾನು ನನ್ನ ಪುಸ್ತಕದಲ್ಲಿ ಗೀಟು ಹಾಕಿಕೊಳ್ಳುತ್ತೇನೆ. ವಿವಿಪ್ಯಾಟ್ ಅಂದರೆ ಯಾರಿಗೆ ವೋಟು ಬಿತ್ತು ಅಂತ ಚೀಟಿ ಮುದ್ರಿಸುವ ಯಂತ್ರ, ಅದರ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಆಮೇಲೆ ಪೆಟ್ಟಿಗೆಯೊಳಗೆ ಬೀಳುತ್ತದೆ. ಕೊನೆಗೆ ಕಂಟ್ರೋಲ್ ಯುನಿಟ್ಟಿನಲ್ಲಿ ಫಲಿತಾಂಶ ತೋರಿಸುತ್ತಾರೆ, ಚೀಟಿಗಳನ್ನೂ ಎಣಿಸುತ್ತಾರೆ. ನನ್ನ ಗೀಟು, ಯಂತ್ರದ ಲೆಕ್ಕ, ಚೀಟಿ, ಮೂರೂ ಹೊಂದಬೇಕು.

ಹೊಂದಿದ ಮೇಲೆ ಎಲ್ಲರೂ ಚಹಾ ಕಡೆ ನೋಡುತ್ತಾರೆ. ನಾನು ಆಗಲೇ ಕಣ್ಣು ಬಿಟ್ಟುಕೊಂಡು ಕೂರುವುದು. ಅಣಕು ಮತದಾನದ ವೋಟುಗಳನ್ನು ಕ್ಲಿಯರ್ ಗುಂಡಿ ಒತ್ತಿ ಅಳಿಸಬೇಕು, ಒಟ್ಟು ಸೊನ್ನೆ ಅಂತ ಎಲ್ಲ ಏಜೆಂಟರಿಗೂ ತೋರಿಸಬೇಕು. ವಿವಿಪ್ಯಾಟ್ ಪೆಟ್ಟಿಗೆಯಿಂದ ಚೀಟಿಗಳನ್ನು ತೆಗೆದು, ಹಿಂಬದಿಗೆ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಗಡಿಬಿಡಿಯಲ್ಲಿ ಇದನ್ನು ಮರೆತ ಮತಗಟ್ಟೆಗಳು ದೇಶದಲ್ಲಿ ಇದ್ದಾವೆ. ಮರೆತರೆ ಎಣಿಕೆ ದಿನ ಆ ಯಂತ್ರವನ್ನು ಪಕ್ಕಕ್ಕೆ ಇಡಬೇಕಾಗುತ್ತದೆ, ಊರ ತುಂಬ ಕಥೆ ಹುಟ್ಟುತ್ತದೆ. ಕಥೆಗೆ ಕಾರಣ ಮಾತ್ರ ನಿದ್ದೆಗೆಟ್ಟ ಒಬ್ಬ ಮೇಷ್ಟ್ರು ಮತ್ತು ಬಾಯಿ ಬಿಡದೆ ಕೂತ ನಾಲ್ಕು ಏಜೆಂಟರು.

ಆಮೇಲೆ ಹಸಿರು ಕಾಗದದ ಸೀಲ್ ಬರುತ್ತದೆ. ಅದರ ಮೇಲೆ ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಸಹಿ ಮಾಡುತ್ತಾರೆ, ಏಜೆಂಟರೂ ಮಾಡಬಹುದು. ಮಾಡಬಹುದು ಅನ್ನುವುದನ್ನು ನಾನು ಮಾಡಲೇಬೇಕು ಅಂತಲೇ ಓದಿಕೊಳ್ಳುತ್ತೇನೆ. ಸೀಲಿನ ಕ್ರಮಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ. ಎದುರು ಪಕ್ಷದ ಏಜೆಂಟ್ ಒಬ್ಬ ಹುಡುಗ, ಮೊದಲ ಸಲ ಬಂದವನು, "ನಂಬರ್ ಯಾಕೆ ಬರ್ಕೋತೀರಿ ಅಂಕಲ್?" ಅಂದ. ಎಣಿಕೆ ದಿನ ಟೇಬಲ್ ಮೇಲೆ ಬರುವ ಯಂತ್ರ ಇದೇನಾ ಅಂತ ಗೊತ್ತಾಗುವುದು ಈ ನಂಬರಿನಿಂದ ಕಣಪ್ಪ ಅಂದೆ. ಅವನೂ ಅಂಗೈ ಮೇಲೆ ಬರೆದುಕೊಂಡ. ನನ್ನ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟೆ.

ಹಗಲಿನ ಕೆಲಸ ಅಷ್ಟು ದೊಡ್ಡದಲ್ಲ. ಪಟ್ಟಿಯಲ್ಲಿ ಹೆಸರು ಕೂಗುತ್ತಾರೆ, ನಾವು ಗುರುತು ಹಾಕಿಕೊಳ್ಳುತ್ತೇವೆ, ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಬೀಳುತ್ತದೆ. ಊರಿನಲ್ಲಿ ಇಲ್ಲದವರು, ಬೇರೆ ಕಡೆ ಹೋದವರು, ತೀರಿಕೊಂಡವರು, ಇವರದೇ ಒಂದು ಪ್ರತ್ಯೇಕ ಪಟ್ಟಿ ಇರುತ್ತದೆ. ಆ ಪಟ್ಟಿಯ ಹೆಸರಿಗೆ ಯಾರಾದರೂ ಬಂದರೆ ಗುರುತಿನ ದಾಖಲೆ ಸರಿಯಾಗಿ ನೋಡಬೇಕು, ಸಹಿಯ ಜೊತೆ ಹೆಬ್ಬೆಟ್ಟನ್ನೂ ತೆಗೆದುಕೊಳ್ಳಬೇಕು. ನಮ್ಮ ಪಕ್ಷದ ಮೀಟಿಂಗಿನಲ್ಲಿ "ನಕಲಿ ವೋಟು, ನಕಲಿ ವೋಟು" ಅಂತ ಬೊಬ್ಬೆ ಹೊಡೆಯುವವರಿಗೆ ನಾನು ಕೇಳುವುದು ಒಂದೇ: ಬಂದವನು ಅವನಲ್ಲ ಅಂತ ಗೊತ್ತಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿದಿರಾ? ಅದಕ್ಕೆ ಕಟ್ಟಬೇಕಾದ್ದು ಎರಡು ರೂಪಾಯಿ. ಪಿಆರ್‌ಓ ಅಲ್ಲೇ ವಿಚಾರಣೆ ಮಾಡುತ್ತಾರೆ, ಆರೋಪ ನಿಜವಾದರೆ ಆ ಮನುಷ್ಯ ಪೊಲೀಸರ ಕೈಗೆ ಹೋಗುತ್ತಾನೆ. ಸುಮ್ನೆ ಕಿರುಕುಳಕ್ಕೆ ಹಾಕಿದ್ದು ಅಂತ ಕಂಡರೆ ಎರಡು ರೂಪಾಯಿಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಒಂದು ಸಲ ಮೇಲಿನಿಂದ ಮಾತು ಬಂತು. ಬುರ್ಖಾ ಹಾಕಿಕೊಂಡು ಬರುವ ಪ್ರತಿಯೊಬ್ಬ ಹೆಂಗಸಿನ ಮೇಲೂ ತಕರಾರು ತೆಗೆಯಿರಿ, ಸಾಲು ಉದ್ದ ಆಗಲಿ, ಬೇಜಾರಾಗಿ ವಾಪಸ್ ಹೋಗಲಿ ಅಂತ. ನಾನು ಒಪ್ಪಲಿಲ್ಲ. ಗುರುತು ನೋಡಬೇಕು ಅನ್ನುವುದು ಸರಿ, ಅದರಲ್ಲಿ ರಾಜಿ ಇಲ್ಲ. ಅದಕ್ಕೆಂದೇ ಮಹಿಳಾ ಸಿಬ್ಬಂದಿ ಇರುತ್ತಾರೆ, ಮರೆಯಲ್ಲಿ ಮುಖ ನೋಡಿ ಕಾರ್ಡಿನ ಫೋಟೊಗೆ ಹೋಲಿಸುತ್ತಾರೆ. ಅಲ್ಲಿಗೆ ಮುಗಿಯಿತು. ಸೆರಗು ಮುಚ್ಚಿಕೊಂಡು ಬರುವ ನಮ್ಮ ಕೇರಿಯ ಅಜ್ಜಿಗೂ ಅದೇ ನಿಯಮ. ನಿಯಮ ಇರುವುದು ವೋಟು ಹಾಕುವವರು ಯಾರು ಅಂತ ತಿಳಿಯುವುದಕ್ಕೆ. ಅವರನ್ನು ಸಾಲಿನಿಂದ ಓಡಿಸುವುದಕ್ಕೆ ಅದನ್ನು ಬಳಸಿದರೆ ಆಮೇಲೆ ನಾವು ಯಾವ ಬಾಯಲ್ಲಿ ಶಿಸ್ತು, ಕಾನೂನು ಅಂತ ಮಾತಾಡುವುದು?

ಸಂಜೆ ಆರಕ್ಕೆ ಗೇಟು ಹಾಕುತ್ತಾರೆ. ಸಾಲಿನಲ್ಲಿ ಉಳಿದವರಿಗೆ ಚೀಟಿ ಕೊಡುವುದು ಬಾಲದಿಂದ, ಅಂದರೆ ಕೊನೆಯವನಿಗೆ ಒಂದನೇ ನಂಬರು. ಮುಂದಿನಿಂದ ಕೊಡುತ್ತಾ ಬಂದರೆ ಹಿಂದೆ ಹೊಸಬರು ಸೇರಿಕೊಳ್ಳುತ್ತಲೇ ಇರುತ್ತಾರೆ ನೋಡಿ. ಯಾರು ಯೋಚನೆ ಮಾಡಿದರೋ, ಒಳ್ಳೆ ತಲೆ. ಎಲ್ಲರೂ ಹಾಕಿದ ಮೇಲೆ ಕ್ಲೋಸ್ ಗುಂಡಿ ಒತ್ತುತ್ತಾರೆ. ಅಲ್ಲಿಂದ ಮುಂದೆ ಆ ಯಂತ್ರಕ್ಕೆ ಒಂದು ವೋಟೂ ಸೇರುವುದಿಲ್ಲ.

ಆಮೇಲೆ ನಾನು ಇಡೀ ದಿನ ಕಾದ ಕಾಗದ: ನಮೂನೆ 17ಸಿ. ಮತದಾರರ ಸಂಖ್ಯೆ ಎಷ್ಟು, 17ಎ ರಿಜಿಸ್ಟರಿನಲ್ಲಿ ಸಹಿ ಮಾಡಿದವರು ಎಷ್ಟು, ಸಹಿ ಮಾಡಿಯೂ ವೋಟು ಬೇಡ ಅಂದವರು ಎಷ್ಟು, ಯಂತ್ರದಲ್ಲಿ ಬಿದ್ದ ವೋಟು ಎಷ್ಟು, ಸೀಲಿನ ನಂಬರು ಏನು, ಎಲ್ಲ ಅದರಲ್ಲಿ ಇರುತ್ತದೆ. ಪಿಆರ್‌ಓ ಸಹಿ ಮಾಡಿದ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟಿಗೂ ಕೊಡಬೇಕು. ಇದು 1961ರ ಚುನಾವಣಾ ನಿಯಮಗಳಲ್ಲೇ ಇದೆ, ಯಾರ ದಯೆಯೂ ಅಲ್ಲ. ಎಣಿಕೆ ದಿನ ಯಂತ್ರ ತೋರಿಸುವ ಒಟ್ಟು ವೋಟನ್ನು ಈ ಕಾಗದದ ಜೊತೆ ಇಟ್ಟು ನೋಡಿದರೆ ಮುಗಿಯಿತು. ಮಧ್ಯೆ ಸ್ಟ್ರಾಂಗ್ ರೂಮಿನಲ್ಲಿ ಏನಾಯಿತು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ನಮ್ಮ ಕಡೆಯವರು ಸೋತ ಒಂದು ಚುನಾವಣೆ. ಫಲಿತಾಂಶದ ಮಾರನೇ ದಿನ ಪಕ್ಷದ ಕಚೇರಿಯಲ್ಲಿ ಎಲ್ಲರೂ ಯಂತ್ರವನ್ನು ಬಯ್ಯುತ್ತಾ ಕೂತಿದ್ದರು. ಹಿಂದೆ ಗೆದ್ದಾಗ ಇದೇ ಯಂತ್ರಕ್ಕೆ ಪೂಜೆ ಮಾಡುವುದೊಂದು ಬಾಕಿ ಇತ್ತು! ನಾನು ಕೇಳಿದೆ: ಎಲ್ಲ ಬೂತಿನ 17ಸಿ ತನ್ನಿ, ಹೋಲಿಸಿ ನೋಡೋಣ. ಬಂದಿದ್ದು ಅರ್ಧಕ್ಕಿಂತ ಕಡಿಮೆ. ಉಳಿದ ಕಡೆ ಏಜೆಂಟರು ಮಧ್ಯಾಹ್ನದ ಊಟಕ್ಕೆ ಅಂತ ಹೋದವರು ವಾಪಸ್ ಬಂದಿರಲಿಲ್ಲ. ಕೆಲವು ಬೂತಿಗೆ ಏಜೆಂಟ್ ನೇಮಕದ ನಮೂನೆ 10ರಲ್ಲಿ ಹೆಸರು ಬರೆದುಕೊಟ್ಟಿದ್ದರೇ ಹೊರತು ಆಸಾಮಿ ಹೋಗಿಯೇ ಇರಲಿಲ್ಲ. ಬಂದಷ್ಟು ಕಾಗದ ಯಂತ್ರದ ಲೆಕ್ಕಕ್ಕೆ ಹೊಂದಿತು. ಆಮೇಲೆ ಆ ಮಾತು ಅಲ್ಲಿಗೇ ನಿಂತಿತು ಅಂದುಕೊಳ್ಳಬೇಡಿ, ವಾಟ್ಸಾಪಿನಲ್ಲಿ ಇನ್ನೂ ಓಡುತ್ತಿದೆ.

ಯಂತ್ರದ ಬಗ್ಗೆ ಅನುಮಾನವೇ ಬೇಡ ಅಂತ ನಾನು ಹೇಳುವುದಿಲ್ಲ. 2024ರ ಏಪ್ರಿಲ್ 26ರಂದು, ನಮ್ಮ ರಾಜ್ಯದ 14 ಕ್ಷೇತ್ರಗಳಲ್ಲಿ ಲೋಕಸಭೆಗೆ ಮತದಾನ ನಡೆದ ದಿನವೇ, ಸುಪ್ರೀಂ ಕೋರ್ಟ್ ಎಲ್ಲ ವಿವಿಪ್ಯಾಟ್ ಚೀಟಿ ಎಣಿಸಬೇಕು ಅನ್ನುವ ಬೇಡಿಕೆಯನ್ನು ತಳ್ಳಿಹಾಕಿತು. ಅದರ ಜೊತೆಗೇ ಎರಡನೇ, ಮೂರನೇ ಸ್ಥಾನ ಬಂದವರು ಏಳು ದಿನದೊಳಗೆ ಅರ್ಜಿ ಕೊಟ್ಟು, ಖರ್ಚು ಕಟ್ಟಿ, ಒಂದು ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳನ್ನು ಪರೀಕ್ಷೆ ಮಾಡಿಸಬಹುದು ಅಂತ ಹೇಳಿತು. ದಾರಿ ಇದೆ. ಆ ದಾರಿ ಹಿಡಿಯದೆ ಮೈಕಿನಲ್ಲಿ ಮಾತ್ರ ಕೂಗುವವರನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ.

ನಿಜವಾದ ಕೊಳಕು ಯಂತ್ರಕ್ಕಿಂತ ತುಂಬ ಮೊದಲೇ, ಪಟ್ಟಿ ಮಾಡುವಾಗಲೇ ಶುರುವಾಗುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಏನಾಯಿತು ನೆನಪಿದೆಯಾ? ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದವನ್ನು ತಿರಸ್ಕರಿಸಿದರು, ಪೊಲೀಸ್ ಕೇಸಾಯಿತು. ಯಾರು ಮಾಡಿದರು ಅನ್ನುವುದನ್ನು ತನಿಖೆ ಹೇಳಲಿ. ನನಗೆ ಅದು ಆಶ್ಚರ್ಯ ತರಲಿಲ್ಲ, ಯಾಕೆಂದರೆ ಅದರ ಚಿಕ್ಕ ರೂಪ ನನ್ನ ಮನೆ ಜಗಲಿಗೇ ಬಂದಿತ್ತು.

ನಮ್ಮ ಹುಡುಗ ಒಬ್ಬ ಫಾರಂ 7ರ, ಅಂದರೆ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿಗಳ, ಕಟ್ಟು ತಂದಿದ್ದ. ಒಂದೇ ಬೀದಿಯ ಹೆಸರುಗಳು, ನಮಗೆ ವೋಟು ಬೀಳದ ಬೀದಿ. "ಸೈನ್ ಹಾಕಿ ಅಣ್ಣ, ಇವರೆಲ್ಲ ಊರು ಬಿಟ್ಟಿದ್ದಾರೆ" ಅಂದ. ಆ ಬೀದಿಯಲ್ಲೇ ನಾನು ಹಾಲು ತರುವುದು. ಫಾರಂ 7ರಲ್ಲಿ ಸುಳ್ಳು ಬರೆದುಕೊಟ್ಟರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 31ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು ಇದೆ ಕಣೋ ಅಂದೆ. ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಓ ಮೇಡಂ ಹತ್ತಿರ ಹೋಗಿ, ಅವರ ಜೊತೆ ಮನೆ ಮನೆಗೆ ನಡೆದೆವು. ನಿಜವಾಗಿ ತೀರಿಕೊಂಡವರು, ಮದುವೆಯಾಗಿ ಹೋದವರು ಸಿಕ್ಕಿದರು, ಅವರದಷ್ಟೇ ಅರ್ಜಿ ಕೊಟ್ಟೆವು. ನಮ್ಮದೇ ಕೇರಿಯಲ್ಲಿ ಸತ್ತವರ ಹೆಸರು ಅದಕ್ಕಿಂತ ಜಾಸ್ತಿ ಇತ್ತು, ಅದನ್ನೂ ಕೊಟ್ಟೆವು. ಹುಡುಗನಿಗೆ ಅದು ಅಷ್ಟು ಇಷ್ಟ ಆಗಲಿಲ್ಲ. ಪಟ್ಟಿ ಶುದ್ಧ ಆಗಬೇಕು ಅಂದರೆ ಎರಡೂ ಬೀದಿ ಶುದ್ಧ ಆಗಬೇಕು ಅಲ್ವಾ?

ಇನ್ನು ದುಡ್ಡು. ಇದನ್ನು ಬರೆಯುವುದಕ್ಕೇ ನಾನು ಕೂತದ್ದು.

ಮತದಾನದ ಹಿಂದಿನ ರಾತ್ರಿಗೆ ನಮ್ಮ ಕಡೆ ಕತ್ತಲ ರಾತ್ರಿ ಅನ್ನುತ್ತಾರೆ. ಲಕೋಟೆ, ಸೀರೆ, ಕುಕ್ಕರು, ಬಾಟಲಿ, ಏನು ಬೇಕು? ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ಅಂತ ಕಾಗದದಲ್ಲಿದೆ. ಆ ಅಂಕಿ ಹೇಳಿದರೆ ನಮ್ಮೂರ ಹೋಟೆಲಿನಲ್ಲಿ ನಗುತ್ತಾರೆ. ಒಮ್ಮೆ ನನಗೂ ಒಂದು ಬೀದಿಯ ಪಟ್ಟಿ ಮತ್ತು ಚೀಲ ಕೊಡಲು ಬಂದರು. "ಆ ಕಡೆಯವರು ಕೊಡ್ತಾ ಇದ್ದಾರೆ, ನಾವು ಕೊಡದಿದ್ರೆ ಸೋಲ್ತೀವಿ ಅಣ್ಣ." ಸೋಲೋಣ ಅಂದೆ. ನಾಳೆ ಬೆಳಿಗ್ಗೆ ಐದೂವರೆಗೆ ನಾನು ಬೂತಿನಲ್ಲಿ ಇರಬೇಕು ಅಂದರೆ ಈ ಚೀಲ ನನ್ನ ಮನೆ ಹೊಸ್ತಿಲು ದಾಟಬಾರದು ಅಂದೆ. ಬೂತಿಗೆ ಬೇರೆ ಜನ ಇರಲಿಲ್ಲವಾದ್ದರಿಂದ ಚೀಲ ವಾಪಸ್ ಹೋಯಿತು. ಬೇರೆ ಮನೆಗೆ ಹೋಗಿರುತ್ತದೆ, ಅದರಲ್ಲೇನೂ ಅನುಮಾನ ಇಲ್ಲ.

ನನಗೆ ಹೊಟ್ಟೆ ಉರಿಯುವುದು ದುಡ್ಡಿಗಿಂತ ಜಾಸ್ತಿ ಆಣೆಯಿಂದ. ಲಕೋಟೆ ಕೊಟ್ಟು ದೇವರ ಫೋಟೊ ಮುಟ್ಟಿಸಿ ಪ್ರಮಾಣ ಮಾಡಿಸುತ್ತಾರೆ. ಮಂಜುನಾಥನ ಮೇಲೆ ಆಣೆ ಮಾಡಿದ ಮೇಲೆ ತಪ್ಪುವುದಕ್ಕೆ ನಮ್ಮ ಹೆಂಗಸರು ಹೆದರುತ್ತಾರೆ, ಅದು ಗೊತ್ತಿದ್ದೇ ಮಾಡಿಸುವುದು. ಧರ್ಮ ಉಳಿಸುತ್ತೇವೆ ಅಂತ ವೇದಿಕೆ ಮೇಲೆ ಹೇಳಿ, ರಾತ್ರಿ ಲಂಚಕ್ಕೆ ದೇವರನ್ನೇ ಜಾಮೀನು ನಿಲ್ಲಿಸುತ್ತಾರೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ನಿನಲ್ಲಿ ದೇವರ ಕೋಪದ ಹೆದರಿಕೆ ಹಾಕಿ ವೋಟು ಪಡೆಯುವುದು ಭ್ರಷ್ಟ ನಡವಳಿಕೆ ಅಂತಲೇ ಇದೆ. ಕಾಯ್ದೆ ಇಲ್ಲದಿದ್ದರೂ ದೇವಸ್ಥಾನಕ್ಕೆ ಹೋಗುವವನಿಗೆ ಇಷ್ಟು ಗೊತ್ತಾಗಬೇಡವೇ? ನನ್ನನ್ನು ಕೇಳಿದ ಅಕ್ಕಂದಿರಿಗೆ ಹೇಳಿದ್ದೇನೆ: ಬಲವಂತದ ಆಣೆ ಆಣೆಯೇ ಅಲ್ಲ, ನಿಮಗೆ ಸರಿ ಅನಿಸಿದವರಿಗೆ ಹಾಕಿ. ಇದು ನಮ್ಮ ಪಕ್ಷಕ್ಕೆ ಕೆಲವು ವೋಟು ಕಳೆದಿರಬಹುದು. ಇರಲಿ.

ಗೆದ್ದ ಮೇಲಿನ ವ್ಯಾಪಾರವೂ ಇದೇ ಜಾತಿಯದು. 2008ರಲ್ಲಿ ಈ ರಾಜ್ಯ ರಾಜಕೀಯಕ್ಕೆ 'ಆಪರೇಷನ್' ಅನ್ನುವ ಮಾತನ್ನು ಕೊಟ್ಟಿತು, ಅಂದರೆ ಬೇರೆ ಪಕ್ಷದಿಂದ ಗೆದ್ದ ಶಾಸಕರಿಂದ ರಾಜೀನಾಮೆ ಕೊಡಿಸಿ ತಮ್ಮ ಕಡೆ ಎಳೆದುಕೊಳ್ಳುವುದು. 2019ರಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ನಿಲ್ಲಬಹುದು ಅಂತಲೂ ಅಂದಿತು. ನಿಂತರು, ಬಹಳಷ್ಟು ಜನ ಗೆದ್ದೂ ಬಂದರು. ನನ್ನ ಸ್ನೇಹಿತರು ಆಗ ಪಟಾಕಿ ಹೊಡೆದರು. ನಾನು ಹೋಗಲಿಲ್ಲ. ಒಬ್ಬ ಮತದಾರನ ಹೆಸರಿನಲ್ಲಿ ಇನ್ನೊಬ್ಬ ವೋಟು ಹಾಕಿದರೆ ಪೊಲೀಸರಿಗೆ ಕೊಡುತ್ತೇವೆ. ಇಡೀ ಕ್ಷೇತ್ರದ ವೋಟನ್ನು ಒಬ್ಬನೇ ಎತ್ತಿಕೊಂಡು ಇನ್ನೊಂದು ಕಡೆ ಹೋದರೆ ಮಂತ್ರಿ ಮಾಡುತ್ತೇವೆ. ನಮಗೆ ಲಾಭ ಆಯಿತು ಅನ್ನುವುದು ನನಗೆ ಉತ್ತರವಾಗಿ ಕಾಣಲಿಲ್ಲ.

ಈಚೆಗೆ ತಾಲ್ಲೂಕು ಸಭೆಯಲ್ಲಿ ಎರಡು ವಿಷಯ ಎತ್ತಿದೆ. ಒಂದು, ಪ್ರತಿ ಬೂತಿನ 17ಸಿಯನ್ನು ಚುನಾವಣಾ ಆಯೋಗ ವೆಬ್‌ಸೈಟಿಗೆ ಹಾಕಲಿ ಅಂತ ನಮ್ಮ ಪಕ್ಷವೂ ಕೇಳಬೇಕು. ಇನ್ನೊಂದು, 2024ರ ಡಿಸೆಂಬರಿನಲ್ಲಿ ಅದೇ 1961ರ ಚುನಾವಣಾ ನಿಯಮಗಳ ನಿಯಮ 93 ತಿದ್ದಿ ಮತಗಟ್ಟೆಯ ಸಿಸಿಟಿವಿ ದೃಶ್ಯ ಸಾರ್ವಜನಿಕರಿಗೆ ಸಿಗದ ಹಾಗೆ ಮಾಡಿದ್ದಾರಲ್ಲ, ಅದು ಸರಿಯಲ್ಲ. ಮಹಿಳಾ ಮತದಾರರ ಖಾಸಗಿತನ, ಸುರಕ್ಷತೆ ಅಂತೆಲ್ಲ ಕಾರಣ ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲ ಅಂತ ಅಲ್ಲ. ಆದರೆ ಕನಿಷ್ಠ ಅಭ್ಯರ್ಥಿಗೆ, ಅವನ ಏಜೆಂಟಿಗೆ ಕೋರ್ಟಿಗೆ ಹೋಗದೆ ತೋರಿಸಬಹುದು. ಒಬ್ಬ ಮುಖಂಡರು "ಇದು ಎದುರು ಪಕ್ಷದವರ ಭಾಷೆ" ಅಂದರು. ಎದುರು ಪಕ್ಷದವರು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂದರೆ ನಾವು ಪಶ್ಚಿಮಕ್ಕೆ ತಿರುಗಿ ಸೂರ್ಯ ನಮಸ್ಕಾರ ಮಾಡಬೇಕಾ ಅಂತ ಕೇಳಿದೆ. ಸಭೆಯಲ್ಲಿ ನಗು ಬಂತು, ನಿರ್ಣಯ ಬರಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇನೆ, ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.