ಪ್ಯಾಂಕ್ರಿಯಾಸ್ ಆಪರೇಷನ್ ನಂತರ ಡ್ರೈನ್ ಬಲ್ಬ್ ಖಾಲಿ ಮಾಡುವುದು ಹೇಗೆ?

ಡ್ರೈನ್ (ಹೊಟ್ಟೆಯೊಳಗಿನ ದ್ರವವನ್ನು ಹೊರಗೆ ತರುವ ಪೈಪು) ಜೊತೆಗೇ ಮನೆಗೆ ಹೋದವರು ಡ್ರೆಸ್ಸಿಂಗಿಗೆ ಬಂದಾಗ ನಾನು ಮೊದಲು ನೋಡುವುದು ಬಲ್ಬನ್ನು, ಅಂದರೆ ಪೈಪಿನ ತುದಿಯಲ್ಲಿ ಆ ದ್ರವವನ್ನು ಎಳೆದು ತುಂಬಿಸಿಕೊಳ್ಳುವ ಮೆತ್ತನೆಯ ಬುಡ್ಡೆಯನ್ನು. ಎಷ್ಟೋ ಸಲ ಅದು ಗಾಳಿ ತುಂಬಿ ಉಬ್ಬಿರುತ್ತದೆ. "ಎರಡು ದಿನದಿಂದ ಏನೂ ಬರ್ತಿಲ್ಲ ಸಿಸ್ಟರ್, ವಾಸಿ ಆಯ್ತಲ್ವಾ?" ಎಂದು ಮನೆಯವರು ಕೇಳುತ್ತಾರೆ. ವಾಸಿಯಾಗಿರುವುದಿಲ್ಲ, ಬಲ್ಬ್ ಎಳೆಯುವುದನ್ನು ನಿಲ್ಲಿಸಿರುತ್ತದೆ.

ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಬಾಲದ ಭಾಗ ತೆಗೆದ ಮೇಲೆ ಉಳಿದ ತುದಿಯನ್ನು ಜೀರ್ಣರಸ ಸೋರದಂತೆ ಮುಚ್ಚಬೇಕು. ಗ್ರಂಥಿ ತುಂಬಾ ಮೆತ್ತಗೆ, ದಾರ ಬಿಗಿದರೆ ಸೀಳಿಬಿಡಬಹುದು. ಸ್ಟೇಪ್ಲರ್ ಹಾಕಿದ್ದಾರೆ, ಇನ್ನು ಸೋರುವುದಿಲ್ಲ ಎಂದು ಕೆಲವರು ನಿಶ್ಚಿಂತರಾಗುತ್ತಾರೆ. ಹಾಗೆ ಇರಬೇಡಿ. ಯುರೋಪಿನ 21 ಆಸ್ಪತ್ರೆಗಳ ಡಿಸ್‌ಪ್ಯಾಕ್ಟ್ ಅಧ್ಯಯನ (2011) 352 ರೋಗಿಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿತು. ಮೊದಲ ವಾರದಲ್ಲಿ ಸೋರಿಕೆ ಅಥವಾ ಸಾವು ಕಂಡದ್ದು ಸ್ಟೇಪ್ಲರ್ ಹಾಕಿದವರಲ್ಲಿ ಶೇ 32, ಕೈಹೊಲಿಗೆ ಹಾಕಿದವರಲ್ಲಿ ಶೇ 28. ಹೆಚ್ಚುಕಡಿಮೆ ಒಂದೇ. ಯಾವುದರಲ್ಲಿ ಮುಚ್ಚಿದ್ದರೂ ಡ್ರೈನ್ ಮೇಲೆ ಕಣ್ಣಿಡಲೇಬೇಕು.

ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಪೈಪು ನೀವಲು ಸರ್ಜನ್ ಹೇಳಿದ್ದರೆ ಮಾತ್ರ ನೀವಿ: ಚರ್ಮದ ಹತ್ತಿರ ಎಡಗೈಯಲ್ಲಿ ಪೈಪನ್ನು ಗಟ್ಟಿಯಾಗಿ ಹಿಡಿಯಿರಿ, ಬಲಗೈ ಬೆರಳುಗಳನ್ನು ಒತ್ತಿಕೊಂಡು ಬಲ್ಬಿನ ಕಡೆಗೆ ಜಾರಿಸಿ. ಎಡಗೈ ಬಿಟ್ಟರೆ ಹೊಲಿಗೆ ಜಗ್ಗುತ್ತದೆ.

ಈಗ ಬಲ್ಬ್. ಮುಚ್ಚಳ ತೆಗೆಯಿರಿ, ಒಳಭಾಗಕ್ಕೆ ಬೆರಳು ತಾಗದಿರಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಗೆರೆಯ ಕಪ್ಪಿಗೆ ಸುರಿದು, ಕಪ್ಪನ್ನು ಮೇಜಿನ ಮೇಲಿಟ್ಟು, ಬಗ್ಗಿ ಕಣ್ಣಿನ ಮಟ್ಟದಲ್ಲಿ ಓದಿ. ಕಾಫಿ ಲೋಟದ ಅಂದಾಜು ಬೇಡವೇ ಬೇಡ. ಮುಚ್ಚಳ ತೆರೆದೇ ಇರಲಿ, ಬಲ್ಬನ್ನು ಮುಷ್ಟಿಯಲ್ಲಿ ಹಿಂಡಿ, ಎರಡೂ ಬದಿ ಅಂಟಿಕೊಳ್ಳುವವರೆಗೆ. ಹಿಂಡಿದ ಮುಷ್ಟಿ ಸಡಿಲಿಸದೆ ಇನ್ನೊಂದು ಕೈಯಲ್ಲಿ ಮುಚ್ಚಳ ಹಾಕಿ. ಆಮೇಲೆ ಕೈ ಬಿಡಿ. ಬಲ್ಬ್ ಚಪ್ಪಟೆಯಾಗಿಯೇ ಉಳಿಯಬೇಕು. ಜಾಸ್ತಿ ಜನ ತಪ್ಪುವುದು ಇಲ್ಲೇ: ಮೊದಲು ಮುಚ್ಚಳ ಹಾಕಿ ಆಮೇಲೆ ಹಿಂಡುತ್ತಾರೆ. ಒಳಗಿನ ಗಾಳಿ ಹೋಗಲು ದಾರಿಯೇ ಇರುವುದಿಲ್ಲ. ಮುಚ್ಚಳ ಸಡಿಲವಾಗಿದ್ದರೆ ಸುಮ್ನೆ ಟೇಪ್ ಸುತ್ತಬೇಡಿ, ಹೊಸ ಬಲ್ಬ್ ಹಾಕಿಸಿ.

ಸಮಯ, ಎಷ್ಟು ಎಂ.ಎಲ್., ಬಣ್ಣ ಒಂದು ಪುಸ್ತಕದಲ್ಲಿ ಬರೆದಿಡಿ. ಬಲ್ಬನ್ನು ಗಾಯಕ್ಕಿಂತ ಕೆಳಗೆ ಬರುವಂತೆ ಬಟ್ಟೆಗೆ ಪಿನ್ ಮಾಡಿ.

ಮೊದಲು ಕೆಂಪಾಗಿದ್ದು ಬರಬರುತ್ತಾ ತಿಳಿ ಹಳದಿಯಾದರೆ ಒಳ್ಳೆಯದು. ಬೂದಿಯಂತೆ ಕದಡಿದರೆ, ಡಿಕಾಕ್ಷನ್ನಿನಂತೆ ಕಪ್ಪಾದರೆ, ವಾಸನೆ ಬಂದರೆ, ಚಳಿಜ್ವರ ಅಥವಾ ಹೊಟ್ಟೆನೋವು ಶುರುವಾದರೆ ಆಸ್ಪತ್ರೆಗೆ ಫೋನ್ ಮಾಡಿ. ಹೊಸ ರಕ್ತ ಕಂಡರೆ, ಒಂದು ಚಮಚದಷ್ಟೇ ಆಗಿರಲಿ, ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಹೊರಡಿ. ಪೈಪಿನ ಸುತ್ತ ಚರ್ಮ ಉರಿದರೆ ಅರಿಶಿನ, ಪೌಡರ್ ಹಚ್ಚಬಾರದು. ಸೋರಿದ ರಸ ಚರ್ಮವನ್ನೇ ತಿನ್ನುತ್ತದೆ, ವೈದ್ಯರಿಗೆ ತೋರಿಸಿ.

ಡ್ರೈನ್ ಯಾವಾಗ ತೆಗೀತೀರಿ ಎಂದು ಎಲ್ಲರೂ ಕೇಳುತ್ತಾರೆ. ಆಪರೇಷನ್ನಿನ ಮೂರನೇ ದಿನ ಅಥವಾ ಆಮೇಲೆ ಡ್ರೈನಿನ ನೀರಿನಲ್ಲಿ ಅಮೈಲೇಸ್ (ಈ ಗ್ರಂಥಿಯ ರಸದಲ್ಲಿರುವ ಒಂದು ಕಿಣ್ವ) ಎಷ್ಟಿದೆ ಎಂದು ನೋಡುತ್ತಾರೆ. ರಕ್ತದ ಸಾಮಾನ್ಯ ಮಿತಿಗಿಂತ ಮೂರು ಪಟ್ಟು ಮೀರಿದ್ದರೆ ರಸ ಸೋರುತ್ತಿದೆ ಎಂದು ಲೆಕ್ಕ. ಆ ಫಲಿತಾಂಶದ ಜೊತೆ ನೀವು ಬರೆದ ಅಳತೆಗಳನ್ನೂ ವೈದ್ಯರು ನೋಡುತ್ತಾರೆ. ಪುಸ್ತಕ ಮರೆಯದೆ ತನ್ನಿ.