ಜಾವಾ, ಕಾಟ್ಲಿನ್ ಬೆರೆತ ಪ್ರಾಜೆಕ್ಟ್‌ನಲ್ಲಿ ಯಾವುದು ಮೊದಲು ಕಂಪೈಲ್ ಆಗಬೇಕು

ಮಂಗಳೂರು, ಮಣಿಪಾಲದ ಬಳಗದಲ್ಲಿ ಮೇವನ್ ಎಂಬ ಬಿಲ್ಡ್ ಟೂಲ್ ಬಳಸಿ ಒಂದೇ ಮಾಡ್ಯೂಲ್‌ನಲ್ಲಿ ಜಾವಾ, ಕಾಟ್ಲಿನ್ ಎರಡನ್ನೂ ಬರೆಯುತ್ತಿರುವವರು ಕಾಟ್ಲಿನ್ ಪ್ಲಗಿನ್‌ನ ಕಂಪೈಲ್ ಕೆಲಸವನ್ನು ಜಾವಾ ಕಂಪೈಲ್‌ಗಿಂತ ಮೊದಲು ಬರುವ ‘ಪ್ರೊಸೆಸ್-ಸೋರ್ಸಸ್’ ಹಂತಕ್ಕೆ ತಂದು, ಅದರ ಸೋರ್ಸ್ ಪಟ್ಟಿಗೆ ಜಾವಾ ಫೋಲ್ಡರನ್ನೂ ಸೇರಿಸಿಕೊಳ್ಳಿ. ಕಾಟ್ಲಿನ್ ಕಂಪೈಲರ್ ಜಾವಾ ಸೋರ್ಸನ್ನು ನೇರವಾಗಿ ಓದಬಲ್ಲದು. ಜಾವಾ ಕಂಪೈಲರ್‌ಗೆ ಕಾಟ್ಲಿನ್ ಸೋರ್ಸ್ ಓದಲು ಬಾರದು, ಅದಕ್ಕೆ ಸಿದ್ಧವಾದ ಕ್ಲಾಸ್ ಫೈಲ್‌ಗಳೇ ಬೇಕು. ಆದ್ದರಿಂದ ಕಾಟ್ಲಿನ್ ಮೊದಲು ಮುಗಿದರೆ, ಎರಡೂ ಕಡೆಯ ಕ್ಲಾಸ್‌ಗಳು ಒಂದನ್ನೊಂದು ಅವಲಂಬಿಸಿದ್ದರೂ ಬಿಲ್ಡ್ ನಿಲ್ಲುವುದಿಲ್ಲ. ಟೆಸ್ಟ್ ಕೋಡ್‌ಗೂ ಇದೇ ಕ್ರಮ ಬೇಕೆಂಬುದನ್ನು ದಯವಿಟ್ಟು ಮರೆಯಬೇಡಿ. ಜಾವಾ ಕೋಡನ್ನು ತಾನೇ ಹುಟ್ಟಿಸುವ ಲೊಂಬಾಕ್ ಲೈಬ್ರರಿ ಇದ್ದಲ್ಲಿ ಮಾತ್ರ ಇಷ್ಟು ಸಾಲದು: ಅದರ ಗೆಟರ್, ಸೆಟರ್‌ಗಳು (ಫೀಲ್ಡ್‌ನ ಬೆಲೆ ಓದುವ, ಬದಲಿಸುವ ಮೆಥಡ್‌ಗಳು) ಜಾವಾ ಕಂಪೈಲ್ ಆಗುವಾಗಷ್ಟೇ ಹುಟ್ಟುವುದರಿಂದ, ಕಾಟ್ಲಿನ್‌ನ ಲೊಂಬಾಕ್ ಕಂಪೈಲರ್ ಪ್ಲಗಿನ್ ಸೇರಿಸದಿದ್ದರೆ ಕಾಟ್ಲಿನ್‌ಗೆ ಕಾಣಿಸುವುದಿಲ್ಲ. ಅಂಥ ಜಾವಾ ಕ್ಲಾಸ್‌ಗಳನ್ನು ಬೇರೆ ಮಾಡ್ಯೂಲ್‌ಗೆ ಸರಿಸುವುದೇ ನನ್ನ ಅಭಿಪ್ರಾಯದಲ್ಲಿ ನೆಮ್ಮದಿಯ ದಾರಿ.